ಬಿಡುವ ದಿನಕ್ಕೆ ಮುಂಚಿನ ಎರಡು ವಾರ

(ಬಸ್ ಡಿಪೋ ಒಂದರಲ್ಲಿ ಚಾಲಕರು, ನಿರ್ವಾಹಕರು ಮತ್ತು ವರ್ಕ್‌ಶಾಪ್ ಸಿಬ್ಬಂದಿಗೆ ಮಾಡಿದ ಉಪನ್ಯಾಸದ ಬರಹ ರೂಪ)

ಬೀಡಿ, ಸಿಗರೇಟು ಕೆಟ್ಟದ್ದು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಬೆಳಗಿನ ಜಾವ ಕೆಮ್ಮಿಕೊಂಡು ಏಳುವವರು ನೀವು, ನನಗಿಂತ ಚೆನ್ನಾಗಿ ನಿಮಗೇ ಗೊತ್ತು. 2016-17ರಲ್ಲಿ ದೇಶದಾದ್ಯಂತ ವಯಸ್ಕರ ತಂಬಾಕು ಸಮೀಕ್ಷೆ ನಡೆಯಿತು. ಅದರಲ್ಲಿ ಸೇದುವವರ ಪೈಕಿ ನೂರಕ್ಕೆ 55 ಮಂದಿ, ಬಿಡುವ ಯೋಚನೆ ಇದೆ ಅಂದಿದ್ದರು. ಅಂದರೆ ಈ ಹಾಲ್‌ನಲ್ಲೂ ಅಂಥವರು ಬಹಳ ಮಂದಿ ಇದ್ದೀರಿ. ಕೈ ಎತ್ತಿ ಅಂತ ಕೇಳುವುದಿಲ್ಲ, ಸುಮ್ಮನೆ ಕೇಳಿಸಿಕೊಂಡರೆ ಸಾಕು.

ಇವತ್ತು ನಾನು ಒಂದು ಸಣ್ಣ ಅವಧಿಯ ಬಗ್ಗೆ ಮಾತ್ರ ಮಾತಾಡುತ್ತೇನೆ. ಬಿಡಬೇಕು ಅಂತ ಮನಸ್ಸು ಮಾಡಿ ಆಗಿದೆ. ತಾರೀಖೂ ನೋಡಿಕೊಂಡಿದ್ದೀರಿ. ಆದರೆ ಆ ತಾರೀಖು ಇನ್ನೂ ಬಂದಿಲ್ಲ, ನೀವಿನ್ನೂ ಸೇದುತ್ತಿದ್ದೀರಿ. ಈ ನಡುವಿನ ದಿನಗಳಲ್ಲೇ ಎಷ್ಟೋ ಜನ ಬಿಡುವ ಯೋಚನೆಯನ್ನೇ ಕೈಬಿಡುವುದು. ಬಿಟ್ಟ ಮೇಲೆ ಸೋತವರನ್ನು ನಾವು ಲೆಕ್ಕ ಹಾಕುತ್ತೇವೆ. ಬಿಡುವ ಮೊದಲೇ ಹುರುಪು ಕಳೆದುಕೊಂಡವರು ಲೆಕ್ಕಕ್ಕೇ ಸಿಗುವುದಿಲ್ಲ. ಅವರು ಆಪ್ತ ಸಮಾಲೋಚನೆಗೆ ಒಂದು ಸಲ ಬರುತ್ತಾರೆ, ಕಣ್ಣಲ್ಲಿ ಆಸೆ ಇರುತ್ತದೆ, ಎರಡನೇ ಸಲ ಬರುವುದಿಲ್ಲ.

ಯಾಕೆ ಹೀಗಾಗುತ್ತದೆ? ತೀರ್ಮಾನ ಮಾಡಿದ ದಿನ ಮನಸ್ಸು ಹಗುರ ಇರುತ್ತದೆ. ಮನೆಯಲ್ಲಿ ಹೇಳುತ್ತೀರಿ, ಹೆಂಡತಿಗೆ ಖುಷಿ. ಮೂರನೇ ದಿನ ಟೀ ಅಂಗಡಿ ಮುಂದೆ ನಿಂತಾಗ ಒಳಗಿಂದ ಒಂದು ಮಾತು ಬರುತ್ತದೆ. ಈಗಲೇ ಯಾಕೆ? ಮಗಳ ಮದುವೆ ಮುಗಿಯಲಿ. ಈ ರೂಟ್ ಬದಲಾಗಲಿ. ಆ ಮಾತು ಎಷ್ಟು ಸಮಂಜಸ ಅನ್ನಿಸುತ್ತದೆ ಅಂದರೆ, ನಿಮ್ಮ ಸ್ವಂತ ಬುದ್ಧಿಯೇ ಮಾತಾಡುತ್ತಿದೆ ಅಂದುಕೊಳ್ಳುತ್ತೀರಿ.

ಆ ಮಾತಿನ ಹಿಂದೆ ನಿಕೋಟಿನ್ ಇದೆ. ಒಂದು ದಮ್ಮು ಎಳೆದರೆ 10ರಿಂದ 20 ಸೆಕೆಂಡಿನಲ್ಲಿ ಅದು ಮೆದುಳು ಮುಟ್ಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಇಳಿದ ಹಾಗೆಲ್ಲ ಚಡಪಡಿಕೆ, ಸಿಡುಕು, ಏನೋ ಕಳೆದುಕೊಂಡ ಹಾಗೆ. ಹಾಗಾಗಿ ಬೆಳಿಗ್ಗೆ 'ಬಿಟ್ಟೇ ಬಿಡುತ್ತೇನೆ' ಅಂದವರೇ ಹನ್ನೊಂದು ಗಂಟೆಗೆ 'ನೋಡೋಣ' ಅನ್ನುತ್ತಾರೆ. ದಿನಕ್ಕೆ ಹತ್ತು ಸಲ ಮನಸ್ಸು ಹಿಂದೆ ಮುಂದೆ ಆಡುತ್ತದೆ. ಇದು ನಿಮ್ಮ ದೌರ್ಬಲ್ಯ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಮನಸ್ಸು ಅಲ್ಲಾಡದೆ ನಿಲ್ಲಲಿ, ಆಮೇಲೆ ಶುರು ಮಾಡೋಣ ಅಂತ ಕಾಯುವವರಿಗೆ ಆ ದಿನ ಬರುವುದೇ ಇಲ್ಲ. ಕೈಗೆ ಏನಾದರೂ ಕೆಲಸ ಕೊಟ್ಟರೆ ಮನಸ್ಸು ಅದರ ಹಿಂದೆ ಬರುತ್ತದೆ. ಹಾಗೆ ಬಂದವರನ್ನು ನಾನು ನೋಡಿದ್ದೇನೆ.

ನಿಮ್ಮಲ್ಲಿ ಎಷ್ಟೋ ಮಂದಿ ಅಯ್ಯಪ್ಪ ಸ್ವಾಮಿ ಮಾಲೆ ಹಾಕಿದ್ದೀರಿ, ಅಲ್ವಾ? ಹಾಕದಿದ್ದವರೂ ಹಾಕಿದವರನ್ನು ನೋಡಿದ್ದೀರಿ. 41 ದಿನದ ವ್ರತ. ಆ 41 ದಿನ ಬೀಡಿ ಇಲ್ಲ, ಸಿಗರೇಟಿಲ್ಲ, ಮದ್ಯ ಇಲ್ಲ. ಒಂದು ಗಂಟೆ ತಡೆದುಕೊಳ್ಳೋಕೆ ಆಗಲ್ಲ ಸಾರ್ ಅನ್ನುವವರು 41 ದಿನ ಇದ್ದು ತೋರಿಸುತ್ತಾರೆ. ರಂಜಾನ್ ತಿಂಗಳಲ್ಲಿ ನಿಮ್ಮ ಮುಸ್ಲಿಂ ಸಹೋದ್ಯೋಗಿಗಳು ಸಹರಿಯಿಂದ ಇಫ್ತಾರ್‌ವರೆಗೆ ಒಂದು ದಮ್ಮು ಎಳೆಯುವುದಿಲ್ಲ. ಅದೇ ಬಸ್ಸು, ಅದೇ ರಸ್ತೆ, ಅದೇ ಬಿಸಿಲು.

ಭಕ್ತಿಯ ಬಲ ಅದು, ನಿಜ. ಅದನ್ನು ನಾನು ಅಳೆಯಲು ಹೋಗುವುದಿಲ್ಲ. ಆದರೆ ಅದರ ಜೊತೆ ಇನ್ನೂ ಏನೇನು ಇರುತ್ತದೆ ನೋಡಿ. ಮಾಲೆ ಹಾಕುವ ದಿನ ಮೊದಲೇ ಗೊತ್ತಾಗಿರುತ್ತದೆ. ಅದಕ್ಕೆ ಮುಂಚೆ ಕಪ್ಪು ಪಂಚೆ ತರುತ್ತೀರಿ, ಮನೆ ತೊಳೆಸುತ್ತೀರಿ, ಗುರುಸ್ವಾಮಿ ಹತ್ತಿರ ಮಾತಾಡುತ್ತೀರಿ. ಹೆಂಡತಿ ಅಡುಗೆಮನೆಯ ಕ್ರಮವನ್ನೇ ಬದಲಿಸುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ಮೊದಲ ಬೀಡಿ ಹಚ್ಚುತ್ತಿದ್ದ ಹೊತ್ತಿಗೆ ತಣ್ಣೀರು ಸ್ನಾನ, ಪೂಜೆ. ಅಂದರೆ ಆ ಜಾಗ ಖಾಲಿ ಬಿಟ್ಟಿಲ್ಲ. ಗೂಡಂಗಡಿಯವರು 'ಸ್ವಾಮಿ' ಅನ್ನುತ್ತಾರೆ, ಕೇಳಿದರೂ ಸಿಗರೇಟು ಕೊಡುವುದಿಲ್ಲ. ಜೊತೆಯವರು ಪ್ಯಾಕ್ ಚಾಚುವುದಿಲ್ಲ, ದೂರ ಹೋಗಿ ಸೇದುತ್ತಾರೆ. ಸಂಜೆ ಭಜನೆಗೆ ನಿಮ್ಮ ಹಾಗೇ ವ್ರತದಲ್ಲಿರುವ ಹತ್ತು ಜನ ಸಿಗುತ್ತಾರೆ.

ಇದೆಲ್ಲ ತಯಾರಿ. ನಿಮಗೆ ಗೊತ್ತಿಲ್ಲದೇ ನೀವು ಅತ್ಯಂತ ಒಳ್ಳೆಯ ತಯಾರಿ ಮಾಡಿದ್ದೀರಿ. ಒಬ್ಬ ಮನುಷ್ಯ ಸಿಗರೇಟು ಬಿಡಲು ಏನೇನು ಬೇಕು ಅಂತ ನಾವು ಪುಸ್ತಕ ಓದಿ ಕಲಿತದ್ದೆಲ್ಲ ಅದರಲ್ಲಿದೆ.

ಇನ್ನೊಂದು ವಿಷಯ ಕೇಳಿ. ನಿಕೋಟಿನ್ ಬಿಟ್ಟಾಗಿನ ದೇಹದ ಕಾಟ ಮೊದಲ ಎರಡು ಮೂರು ದಿನ ಜೋರು. ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನವರಿಗೆ ಇಳಿದುಹೋಗುತ್ತದೆ. 41ನೇ ದಿನ ಮಾಲೆ ತೆಗೆಯುವಾಗ ನಿಮ್ಮ ದೇಹ ನಿಕೋಟಿನ್ ಕೇಳುವ ಸ್ಥಿತಿಯನ್ನು ಹೆಚ್ಚುಕಡಿಮೆ ದಾಟಿರುತ್ತದೆ! ಬೆಟ್ಟ ಹತ್ತಿ ಇಳಿದು ಬಂದವರು ಬಸ್ ಹತ್ತುವ ಮೊದಲು ಒಂದು ಹಚ್ಚುತ್ತಾರಲ್ಲ, ಅದು ದೇಹ ಕೇಳಿದ್ದಕ್ಕಲ್ಲ. 41 ದಿನ ಮಾತ್ರ ಅಂತ ಮೊದಲೇ ಒಪ್ಪಂದ ಆಗಿತ್ತು, ಅದಕ್ಕೆ. ಇದನ್ನು ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕಷ್ಟದ ಭಾಗ ಮುಗಿದಿತ್ತು. ಈ ವರ್ಷ ಮಾಲೆ ಹಾಕುವವರಿದ್ದರೆ, ಮಾಲೆ ತೆಗೆದ ಮೇಲೂ ಬೇಡ ಅಂತ ಈಗಲೇ ನಿರ್ಧಾರ ಮಾಡಿಕೊಂಡು ಹಾಕಿ. ಹಾಕದವರು ಆ ಕ್ರಮವನ್ನು ನಿಮ್ಮ ಸ್ವಂತದ್ದಾಗಿ ಮಾಡಿಕೊಳ್ಳಿ. ಎಲ್ಲರಿಗೂ ಗೊತ್ತಿರುವ ಒಂದು ದಿನ, ಬೆಳಗಿನ ಹೊತ್ತಿಗೆ ಬೇರೆ ಕೆಲಸ, ಜೊತೆಗೆ ಜನ.

ಈಗ ತಾರೀಖಿನ ವಿಷಯ. ಎರಡು ವಾರದ ಆಚೆ ಇಟ್ಟುಕೊಳ್ಳಬೇಡಿ. ಯುಗಾದಿಗೆ ಬಿಡುತ್ತೇನೆ ಅಂತ ದೀಪಾವಳಿಯಲ್ಲಿ ಹೇಳಿದರೆ ಆ ಹುರುಪು ಅಷ್ಟು ದಿನ ಬದುಕುವುದಿಲ್ಲ. ನಾಳೆಯೇ ಅಂದರೂ ಕೆಲವರಿಗೆ ಸರಿ, ಆದರೆ ತಯಾರಿಗೆ ಸಮಯ ಸಿಗುವುದಿಲ್ಲ. ನಿಮ್ಮ ಡ್ಯೂಟಿ ಲಿಸ್ಟ್ ನೋಡಿ. ವಾರದ ರಜೆಗೆ ಇನ್ನೊಂದೆರಡು ರಜೆ ಸೇರಿಸಿಕೊಂಡು, ಆ ರಜೆಯ ಮೊದಲ ದಿನವೇ ಬಿಡಿ. ಚಾಲಕರಿಗೆ ಇದು ಬಹಳ ಮುಖ್ಯ. ಮೊದಲ ದಿನಗಳಲ್ಲಿ ಗಮನ ಚದುರುತ್ತದೆ, ಸಿಟ್ಟು ಬೇಗ ಬರುತ್ತದೆ. ಐವತ್ತು ಜನರನ್ನು ಕೂರಿಸಿಕೊಂಡು ಘಾಟಿ ಇಳಿಸುವಾಗ ಅದು ಬೇಡ.

ಸ್ವಲ್ಪ ಸ್ವಲ್ಪ ಕಡಿಮೆ ಮಾಡಲಾ, ಒಂದೇ ಸಲ ಬಿಡಲಾ? ಎಲ್ಲರೂ ಇದನ್ನೇ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಸುಮಾರು 700 ಮಂದಿಯ ಮೇಲೆ ಒಂದು ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಎರಡು ವಾರದ ಆಚೆಯ ತಾರೀಖು ಕೊಟ್ಟರು. ಅರ್ಧ ಮಂದಿ ಎರಡು ವಾರ ಕಡಿಮೆ ಮಾಡುತ್ತಾ ಬಂದು ಬಿಟ್ಟರು. ಉಳಿದರ್ಧ ಎಂದಿನ ಹಾಗೆ ಸೇದಿ, ಆ ದಿನ ಒಂದೇ ಸಲ ನಿಲ್ಲಿಸಿದರು. ಎರಡೂ ಗುಂಪಿಗೆ ಔಷಧಿಯ ನೆರವೂ ಸಲಹೆಯೂ ಇತ್ತು. ನಾಲ್ಕು ವಾರದ ನಂತರ ನೋಡಿದರೆ, ಒಂದೇ ಸಲ ಬಿಟ್ಟವರಲ್ಲಿ ನೂರಕ್ಕೆ 49 ಮಂದಿ, ಕಡಿಮೆ ಮಾಡಿ ಬಿಟ್ಟವರಲ್ಲಿ 39 ಮಂದಿ ಇನ್ನೂ ಸೇದದೆ ಇದ್ದರು. ಹಾಗಾಗಿ ಸಂಖ್ಯೆ ಇಳಿಸುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇವತ್ತು ಐದಕ್ಕೆ ಇಳಿಸಬೇಕಿತ್ತು, ಎಂಟಾಯಿತು, ನನ್ನ ಕೈಲಿ ಆಗಲ್ಲ ಅಂತ ಕುಸಿದು ಕೂರುವುದು ಅಲ್ಲಿಂದಲೇ.

ಹಾಗಾದರೆ ಎರಡು ವಾರ ಏನು ಮಾಡಬೇಕು? ಮೊದಲ ಕೆಲಸ, ಸೇದುವ ಪ್ರತಿಯೊಂದನ್ನೂ ಬರೆಯುವುದು. ಟಿಕೆಟ್ ರೋಲಿನ ಹಿಂಭಾಗ ಖಾಲಿ ಇರುತ್ತದಲ್ಲ, ಅದರ ತುಂಡು ಸಾಕು. ಪ್ಯಾಕಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬಿಡಿ ಸಿಗರೇಟು ತಗೊಳ್ಳುವವರು ಶರ್ಟಿನ ಜೇಬಲ್ಲಿ ಇಡಿ. ಬಿಡಿಯಾಗಿ ತಗೊಳ್ಳುವವರಿಗೆ ದಿನಕ್ಕೆ ಎಷ್ಟು ಅನ್ನುವ ಲೆಕ್ಕವೇ ಇರುವುದಿಲ್ಲ, ಬರೆದಾಗಲೇ ಗೊತ್ತಾಗುವುದು. ಪ್ರತಿಯೊಂದಕ್ಕೂ ಹೊತ್ತು, ಜಾಗ, ಜೊತೆಗೆ ಯಾರಿದ್ದರು, ಎಷ್ಟು ಬೇಕೇ ಬೇಕು ಅನ್ನಿಸಿತ್ತು. ಹಚ್ಚುವ ಮುಂಚೆ ಬರೆಯಬೇಕು. ಆಮೇಲೆ ಬರೆದರೆ ನೆನಪು ಮೋಸ ಮಾಡುತ್ತದೆ.

ನನ್ನ ಹತ್ತಿರ ಬಂದ ಒಬ್ಬ ನಿರ್ವಾಹಕರು ಒಂದು ವಾರ ಹೀಗೆ ಬರೆದರು. ಅವರ ಪ್ರಕಾರ ಎಲ್ಲವೂ ಬೇಕೇ ಬೇಕಾದದ್ದು. ಹಾಳೆ ನೋಡಿದರೆ ನಿಜವಾಗಿ ಬೇಕಾಗಿದ್ದದ್ದು ಎದ್ದ ತಕ್ಷಣದ್ದು, ಊಟದ ನಂತರದ್ದು, ರಾತ್ರಿ ಕ್ಯಾಶ್ ಕಟ್ಟಿದ ಮೇಲಿನದ್ದು. ಉಳಿದದ್ದು ಟೀ ಬಂತು ಅಂತ, ಡ್ರೈವರ್ ಸೇದುತ್ತಿದ್ದಾರೆ ಅಂತ, ಚಿಲ್ಲರೆ ಜಗಳದ ಸಿಟ್ಟಿಗೆ. ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದರು, ಹಾಗಾದರೆ ನಾನು ಬಿಡಬೇಕಾಗಿರೋದು ಇಷ್ಟೇನಾ ಸಾರ್? ಆ ಪ್ರಶ್ನೆಯ ನಂತರ ಅವರ ತಯಾರಿಯೇ ಬೇರೆಯಾಯಿತು.

ಎದ್ದ ಅರ್ಧ ಗಂಟೆಯೊಳಗೆ ಮೊದಲನೆಯದನ್ನು ಹಚ್ಚುವವರಾದರೆ ನಿಮ್ಮ ದೇಹದ ಅವಲಂಬನೆ ಜಾಸ್ತಿ ಇದೆ ಅಂತ ಅರ್ಥ. ಅಂಥವರು ಬರೀ ಮನಸ್ಸಿನ ಬಲದ ಮೇಲೆ ಹೋಗಬೇಡಿ. ಔಷಧಿ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಕೆಲಸ ಅಭ್ಯಾಸ. ಟೀಯನ್ನೂ ಸಿಗರೇಟನ್ನೂ ಬೇರೆ ಮಾಡಿ. ಟೀ ಕುಡಿಯಿರಿ, ಗ್ಲಾಸು ವಾಪಸ್ ಕೊಡಿ, ಬಸ್ಸಿಗೆ ಒಂದು ಸುತ್ತು ಹಾಕಿ ಟೈರು ನೋಡಿ ಬನ್ನಿ. ಆಮೇಲೆ ಬೇಕಾದರೆ ಸೇದಿ. ಬೇಕು ಅನ್ನುವ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಏರುತ್ತದೆ, ಇಳಿಯುತ್ತದೆ. ಸೇದದಿದ್ದರೂ ಇಳಿಯುತ್ತದೆ ಅನ್ನುವುದನ್ನು ಎಷ್ಟೋ ವರ್ಷದಿಂದ ಸೇದಿದವರು ಒಂದು ಸಲವೂ ಕಂಡಿರುವುದಿಲ್ಲ, ಯಾಕೆಂದರೆ ಪ್ರತಿ ಸಲ ಅಷ್ಟರೊಳಗೆ ಹಚ್ಚಿಬಿಟ್ಟಿರುತ್ತಾರೆ. ದಿನಕ್ಕೆ ಒಂದೆರಡು ಸಲ ಹತ್ತು ನಿಮಿಷ ತಡೆದು ನೋಡಿ. ಇದು ಕಡಿಮೆ ಮಾಡುವ ಲೆಕ್ಕಕ್ಕಲ್ಲ. ತಡೆದುಕೊಳ್ಳಬಹುದು ಅಂತ ಸ್ವತಃ ನೋಡುವುದಕ್ಕೆ. ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರು 1977ರಲ್ಲೇ ಬರೆದರು, ನನ್ನ ಕೈಲಿ ಆಗುತ್ತದೆ ಅನ್ನುವ ನಂಬಿಕೆ ಬೇರೆಯವರ ಮಾತಿಗಿಂತ ಹೆಚ್ಚಾಗಿ ತಾನೇ ಮಾಡಿದ್ದರಿಂದ ಹುಟ್ಟುತ್ತದೆ ಅಂತ. ನಾನು ಇಲ್ಲಿ ನಿಂತು ಒಂದು ಗಂಟೆ ಹುರಿದುಂಬಿಸುವುದಕ್ಕಿಂತ, ನಾಳೆ ಬಸ್ ಸ್ಟ್ಯಾಂಡಿನಲ್ಲಿ ನೀವು ತಡೆಯುವ ಆ ಹತ್ತು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ.

ಇಲ್ಲಿ ಹಿಂದಿನಿಂದ ಒಬ್ಬರು ಕೇಳಿದರು. ನೈಟ್ ಡ್ಯೂಟಿಯಲ್ಲಿ ಎರಡು ಗಂಟೆಗೆ ಕಣ್ಣು ಎಳೆಯುತ್ತದೆ, ಸಿಗರೇಟಿಲ್ಲದೆ ಹೇಗೆ ಓಡಿಸೋದು? ಒಳ್ಳೆಯ ಪ್ರಶ್ನೆ, ಮತ್ತು ಜೀವದ ಪ್ರಶ್ನೆ. ನಿಕೋಟಿನ್ ಸ್ವಲ್ಪ ಎಚ್ಚರ ಕೊಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಮಗೆ ಅನ್ನಿಸುವ ಆ ಎಚ್ಚರದಲ್ಲಿ ಒಂದು ಪಾಲು, ನಿಕೋಟಿನ್ ಕಡಿಮೆಯಾಗಿ ಬಂದ ಮಂಕು ಕಳೆದದ್ದು. ನಿದ್ದೆಗೆಟ್ಟ ಚಾಲಕನನ್ನು ಯಾವ ಸಿಗರೇಟೂ ಸುರಕ್ಷಿತ ಮಾಡುವುದಿಲ್ಲ. ಕಣ್ಣು ಎಳೆದರೆ ಬಸ್ ಪಕ್ಕಕ್ಕೆ ಹಾಕಿ, ಇಳಿಯಿರಿ, ಮುಖ ತೊಳೆಯಿರಿ, ಐದು ನಿಮಿಷ ನಡೆಯಿರಿ. ಸಾಧ್ಯವಾದರೆ ಹದಿನೈದು ನಿಮಿಷ ಕಣ್ಣು ಮುಚ್ಚಿ. ಬಿಡುವ ದಿನ ಗೊತ್ತು ಮಾಡುವಾಗ ನೈಟ್ ಡ್ಯೂಟಿಯ ವಾರ ತಪ್ಪಿಸಿ.

ಬಿಡುವ ಕಾರಣ ಏನು ಅಂತ ಕೇಳಿದರೆ ಹೆಚ್ಚಿನವರು 'ಆರೋಗ್ಯ' ಅನ್ನುತ್ತಾರೆ. ಅದು ತೀರಾ ದೊಡ್ಡ ಮಾತು, ಟೀ ಅಂಗಡಿ ಮುಂದೆ ನೆನಪಿಗೆ ಬರುವುದಿಲ್ಲ. ಹೆದರಿಕೆಯೂ ಬಹಳ ದಿನ ನಿಲ್ಲುವುದಿಲ್ಲ. ಪ್ಯಾಕಿನ ಮೇಲಿನ ಚಿತ್ರ ನೋಡಿ. 2016ರಿಂದ ಪ್ಯಾಕಿನ ಶೇಕಡಾ 85 ಭಾಗ ಎಚ್ಚರಿಕೆ ಇರಬೇಕು ಅಂತ ನಿಯಮ ಬಂತು. ಕಂಪನಿಗಳು ಕೋರ್ಟಿಗೆ ಹೋದವು. 2017ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಆ ನಿಯಮ ರದ್ದು ಮಾಡಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆ ಚಿತ್ರ ಉಳಿದದ್ದು ಹಾಗೆ. ಹೊಸಬರನ್ನು ತಡೆಯಲು ಅದು ಬೇಕೇ ಬೇಕು ಅನ್ನುವವನು ನಾನು. ಆದರೆ ಇಪ್ಪತ್ತು ವರ್ಷದಿಂದ ಸೇದುವವರ ಕಣ್ಣಿಗೆ ಅದು ಅಭ್ಯಾಸವಾಗಿಬಿಟ್ಟಿರುತ್ತದೆ. ಅದೇ ಪ್ಯಾಕಿನ ಮೇಲೆ 2018ರಿಂದ ಒಂದು ನಂಬರ್ ಇದೆ, 1800-11-2356. ಅದನ್ನು ಎಷ್ಟು ಜನ ಗಮನಿಸಿದ್ದೀರಿ? ಅದು ಬಿಡಲು ಸಹಾಯ ಮಾಡುವ ಉಚಿತ ಸಹಾಯವಾಣಿ. ನಮ್ಮ ಕಡೆಯ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಬಿಟ್ಟ ಮೇಲೇ ಮಾಡಬೇಕು ಅಂತಿಲ್ಲ, ಮನಸ್ಸು ಓಲಾಡುವಾಗಲೇ ಮಾಡಬಹುದು.

ಕಾರಣ ಸಣ್ಣದಾಗಿರಲಿ, ನಿಮ್ಮದಾಗಿರಲಿ. ಎರಡನೇ ಮಹಡಿಗೆ ಗ್ಯಾಸ್ ಸಿಲಿಂಡರ್ ಎತ್ತಿಕೊಂಡು ಹೋಗುವಾಗ ನಡುವೆ ನಿಲ್ಲಬಾರದು. ಡ್ರೈವರ್ ಹಿಂದಿನ ಸೀಟಿನವರು ಮೂಗು ಮುಚ್ಚಿಕೊಳ್ಳಬಾರದು. ದುಡ್ಡಿನದ್ದಾದರೆ ಮೊತ್ತ ಬರೆಯಿರಿ. ಒಂದಕ್ಕೆ 15 ರೂಪಾಯಿ ಅಂದುಕೊಂಡರೆ, ದಿನಕ್ಕೆ 8 ಸೇದುವವರಿಗೆ ತಿಂಗಳಿಗೆ 3,600, ವರ್ಷಕ್ಕೆ 43,800 ರೂಪಾಯಿ. ಮಗನ ಕಾಲೇಜು ಫೀಸ್ ಎಷ್ಟಿದೆ ಅಂತ ಪಕ್ಕದಲ್ಲಿ ಬರೆಯಿರಿ. ನನಗೆ ವಯಸ್ಸಾಯಿತು, ಈಗ ಬಿಟ್ಟು ಏನು ಪ್ರಯೋಜನ ಅನ್ನುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ 50 ವರ್ಷ ಕಾಲ ಅಲ್ಲಿನ ವೈದ್ಯರ ಸೇದುವ ಅಭ್ಯಾಸವನ್ನೂ ಆಯುಸ್ಸನ್ನೂ ಗಮನಿಸುತ್ತಾ ಬಂದರು. 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ ಆಯುಸ್ಸು ಉಳಿಯಿತು. 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ 9, 30ರಲ್ಲಿ 10. ರಿಟೈರ್ ಆದವರಿಗೆ ಮೂರು ವರ್ಷ ಕಡಿಮೆಯೇ? ಮೊಮ್ಮಗ ನಡೆಯೋದು, ಮಾತು ಕಲಿಯೋದು, ಶಾಲೆಗೆ ಹೋಗೋದು ಎಲ್ಲ ಅಷ್ಟರಲ್ಲೇ ಆಗಿಬಿಡುತ್ತದೆ.

ಇನ್ನು ಜನ. ಯಾರಿಗೂ ಹೇಳದೆ ಬಿಡುತ್ತೇನೆ, ಸೋತರೆ ನಾಚಿಕೆ ಅನ್ನುತ್ತಾರೆ ಕೆಲವರು. ನನಗೆ ಅರ್ಥವಾಗುತ್ತದೆ. ಆದರೂ ಹೇಳಿ, ಯಾರಿಗೆ ಅನ್ನುವುದನ್ನು ಆರಿಸಿಕೊಳ್ಳಿ. ಜೊತೆಯ ಡ್ರೈವರ್ ಅಥವಾ ಕಂಡಕ್ಟರ್‌ಗೆ ಹೇಳಲೇಬೇಕು, ದಿನವಿಡೀ ಜೊತೆಗಿರುವವರು ಅವರು. ಗೂಡಂಗಡಿಯವರಿಗೆ ಹೇಳಿ. 'ಅಣ್ಣಾ, ಹದಿನೈದನೇ ತಾರೀಖಿಂದ ನಾನು ಕೇಳಿದ್ರೂ ಕೊಡಬೇಡಿ' ಅಂತ. ಹಳೇ ಬಾಕಿ ಇದ್ದರೆ ತೀರಿಸಿಬಿಡಿ, ಅಲ್ಲಿಗೆ ಹೋಗಲು ಒಂದು ನೆಪ ಕಡಿಮೆಯಾಗುತ್ತದೆ. ಗೇಲಿ ಮಾಡುವವರು ಇದ್ದೇ ಇರುತ್ತಾರೆ. ಏನಪ್ಪಾ, ಸನ್ಯಾಸಿ ಆಗ್ತೀಯಾ ಅನ್ನುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ತಾವೂ ಬಿಡಬೇಕು ಅಂತ ಇರುತ್ತದೆ, ಆ ನೂರಕ್ಕೆ 55ರಲ್ಲಿ ಅವರೂ ಸೇರಿರಬಹುದು. ವಾದ ಬೇಡ, ಜೊತೆಗೆ ಬಾ ಅಂತ ಕರೆಯಿರಿ.

ಮನೆಯವರ ವಿಷಯ ಸ್ವಲ್ಪ ನಾಜೂಕು. ತಾರೀಖಿಗೆ ಮುಂಚಿನ ದಿನಗಳಲ್ಲಿ ಸೇದುವುದನ್ನು ನೋಡಿ ಅವರು 'ಬಿಡ್ತೀನಿ ಅಂದ್ರಲ್ಲ, ಇನ್ನೂ ಸೇದ್ತಾನೇ ಇದ್ದೀರಲ್ಲ' ಅಂದುಬಿಡುತ್ತಾರೆ. ಅವರದ್ದು ತಪ್ಪಲ್ಲ, ಎಷ್ಟು ಸಲ ಈ ಮಾತು ಕೇಳಿ ಆಸೆ ಪಟ್ಟಿರುತ್ತಾರೋ. ಮೊದಲೇ ಕೂರಿಸಿಕೊಂಡು ಹೇಳಿ, ಈ ತಾರೀಖಿನವರೆಗೆ ತಯಾರಿ, ಇದು ನನ್ನ ಹಾಳೆ, ನೋಡು. ಬಿಟ್ಟ ಮೇಲೆ ಒಂದು ವಾರ ಸಿಡುಕಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತಲೂ ಹೇಳಿ.

ಔಷಧಿಗೆ ಬರುತ್ತೇನೆ ಅಂದೆ. ನಿಕೋಟಿನ್ ಚೂಯಿಂಗ್ ಗಮ್ ಇದೆ, 2 ಮತ್ತು 4 ಮಿಲಿಗ್ರಾಂನಲ್ಲಿ. 2022ರಿಂದ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಸೇರಿದೆ. ಹಾಗಾಗಿ ಅದನ್ನು ತಗೊಳ್ಳುವುದು ಸೋಲು ಅಂತ ತಿಳಿಯಬೇಡಿ. ಬಿಡುವ ದಿನಕ್ಕೆ ಮುಂಚೆಯೇ ತಂದಿಟ್ಟುಕೊಳ್ಳಿ, ಬಳಸುವ ಬಗೆ ಕೇಳಿಕೊಳ್ಳಿ. ಸಾಮಾನ್ಯ ಚೂಯಿಂಗ್ ಗಮ್ ಹಾಗೆ ಒಂದೇ ಸಮ ಅಗಿಯಬಾರದು. ನಿಧಾನಕ್ಕೆ ಅಗಿದು, ಖಾರ ಅನ್ನಿಸಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು, ಆ ರುಚಿ ಹೋದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಹದಿನೈದು ನಿಮಿಷ ಮುಂಚಿನಿಂದ ಟೀ, ಕಾಫಿ ಕುಡಿಯಬಾರದು, ಬಾಯಲ್ಲಿರುವಾಗಲೂ ಬೇಡ. ಕುಡಿದರೆ ನಿಕೋಟಿನ್ ಸರಿಯಾಗಿ ಒಳಗೆ ಇಳಿಯುವುದಿಲ್ಲ, ಆಗ ಜನ 'ಗಮ್ಮಿನಿಂದ ಏನೂ ಆಗಲಿಲ್ಲ' ಅನ್ನುತ್ತಾರೆ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಗೊಳ್ಳಿ. ವಾರೆನಿಕ್ಲಿನ್ ಅನ್ನುವ ಮಾತ್ರೆಯೂ ಇದೆ, ಅದು ವೈದ್ಯರು ಬರೆದುಕೊಡಬೇಕಾದದ್ದು. ಕೆಲವರಿಗೆ ಅದರಿಂದ ತಲೆಸುತ್ತು, ಮಂಪರು ಬರಬಹುದು. ನಾನು ಬಸ್ ಓಡಿಸುವವನು ಅಂತ ಮೊದಲೇ ಹೇಳಿಬಿಡಿ.

ಕಾಫಿ ಜಾಸ್ತಿ ಕುಡಿಯುವವರು ಇದನ್ನು ನೆನಪಿಟ್ಟುಕೊಳ್ಳಿ. ಹೊಗೆ ಒಳಗೆ ಹೋಗುತ್ತಿರುವಾಗ ಲಿವರ್ ಕೆಫೀನನ್ನು ಬೇಗ ಕರಗಿಸುತ್ತದೆ. ಹೊಗೆ ನಿಂತ ಮೇಲೆ ಅಷ್ಟೇ ಕಾಫಿ ಕುಡಿದರೂ ಕೆಫೀನ್ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯಿತು ಅಂತ ಹೆದರಿ ಮತ್ತೆ ಹಚ್ಚುತ್ತಾರೆ. ಬಿಡುವ ದಿನದಿಂದ ಕಾಫಿ ಅರ್ಧಕ್ಕೆ ಇಳಿಸಿ. ಹೊಗೆಯ ಬದಲು ಖೈನಿ, ಗುಟ್ಕಾ, ಎಲೆ ಅಡಿಕೆಗೆ ಹೊಗೆಸೊಪ್ಪು, ಇದು ಮಾತ್ರ ಖಂಡಿತ ಬೇಡ. ಅದೇ ನಿಕೋಟಿನ್, ಜೊತೆಗೆ ಬಾಯಿ ಕ್ಯಾನ್ಸರ್.

ಈ ಎರಡು ವಾರದಲ್ಲಿ ಒಂದು ಕೆಟ್ಟ ದಿನ ಬರುತ್ತದೆ. ಬಸ್ ಬ್ರೇಕ್‌ಡೌನ್ ಆಗುತ್ತದೆ, ಪ್ರಯಾಣಿಕರು ಬೈಯುತ್ತಾರೆ, ಮನೆಯಿಂದ ಕೆಟ್ಟ ಸುದ್ದಿ ಬರುತ್ತದೆ. ಆ ದಿನ ಒಂದರ ಹಿಂದೆ ಒಂದು ಸೇದುತ್ತೀರಿ. ಹಾಳೆಯಲ್ಲಿ ಬರೆದುಕೊಳ್ಳಿ, ತಾರೀಖು ಮುಟ್ಟಬೇಡಿ. ತಾರೀಖು ಒಂದು ಸಲ ಮುಂದಕ್ಕೆ ಹೋದರೆ ಮತ್ತೆ ಮತ್ತೆ ಹೋಗುತ್ತದೆ. ಇಂಥ ದಿನ ಬಿಟ್ಟ ಮೇಲೂ ಬರುತ್ತದೆ, ಆಗ ಏನು ಮಾಡುತ್ತೀರಿ ಅಂತ ಈಗಲೇ ಒಂದು ಸಾಲು ಬರೆದಿಡಿ. 'ಡ್ಯೂಟಿಯಲ್ಲಿ ಜಗಳ ಆದರೆ ಬಸ್ ನಿಂತ ಮೇಲೆ ಇಳಿದು ಒಂದು ಬಾಟಲಿ ನೀರು ಕುಡಿದು ಇಂಥವರಿಗೆ ಫೋನ್ ಮಾಡುತ್ತೇನೆ.' ಹೆಸರು ಬರೆಯಿರಿ.

ಹಿಂದಿನ ರಾತ್ರಿ ಮಾಡುವ ಕೆಲಸ ಸ್ವಲ್ಪವೇ. ಉಳಿದ ಸಿಗರೇಟು, ಬೀಡಿ ಕಟ್ಟು ನೀರಲ್ಲಿ ನೆನೆಸಿ ಬಿಸಾಡಿ. ಬರೀ ಕಸದ ಬುಟ್ಟಿಗೆ ಹಾಕಿದರೆ ರಾತ್ರಿ ಹನ್ನೊಂದಕ್ಕೆ ತೆಗೆಯುತ್ತೀರಿ. ಯೂನಿಫಾರ್ಮ್ ಜೇಬು, ಬ್ಯಾಗು, ಬೈಕಿನ ಬಾಕ್ಸು ಎಲ್ಲ ಹುಡುಕಿ. ದೇವರ ಮನೆಯ ಬೆಂಕಿ ಪೊಟ್ಟಣ ಮನೆಯವರ ಕೈಯಲ್ಲಿರಲಿ. ಯೂನಿಫಾರ್ಮ್ ಒಗೆಸಿ. ಜೇಬಿಗೆ ಸೋಂಪು, ಏಲಕ್ಕಿ, ಲವಂಗ ಯಾವುದಾದರೂ ಹಾಕಿಕೊಳ್ಳಿ.

ಹೊರಗೆ ನೋಟಿಸ್ ಬೋರ್ಡ್ ಪಕ್ಕದ ಟೇಬಲ್ ಮೇಲೆ ಈ ತಿಂಗಳ ಮತ್ತು ಮುಂದಿನ ತಿಂಗಳ ಕ್ಯಾಲೆಂಡರ್ ಹಾಳೆ ಇಟ್ಟಿದ್ದೇವೆ. ಜೊತೆಗೆ ಬರೆಯುವ ಚೀಟಿಗಳೂ ಇವೆ. ಡ್ಯೂಟಿ ಲಿಸ್ಟ್ ನೋಡಿ, ನಿಮ್ಮ ರಜೆ ಯಾವತ್ತು ಅಂತ ನೋಡಿಕೊಂಡು ಒಂದು ದಿನಕ್ಕೆ ಗುರುತು ಹಾಕಿ ಹಾಳೆ ಮನೆಗೆ ತಗೊಂಡು ಹೋಗಿ. ಒಂದೇ ದಿನ ಗುರುತು ಹಾಕಿದವರು ಇಬ್ಬರು ಮೂವರು ಸಿಕ್ಕರೆ ಫೋನ್ ನಂಬರ್ ಬದಲಿಸಿಕೊಳ್ಳಿ. ಸಂಜೆ ಶಿಫ್ಟ್‌ನವರು ಬರುವವರೆಗೂ ನಾನು ಇಲ್ಲೇ ಇರುತ್ತೇನೆ. ಎಲ್ಲರ ಮುಂದೆ ಕೇಳಲಾಗದ್ದು ಇದ್ದರೆ ಬನ್ನಿ, ಕೂತು ಮಾತಾಡೋಣ.